ಶಾಲೆ ಜಗಳ ಪೊಲೀಸ್ ಕೇಸಾದಾಗ: ಒಬ್ಬ ತಾಯಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಮಗನಿಗೆ 15 ವರ್ಷ 8 ತಿಂಗಳು. ತುಮಕೂರು ಜಿಲ್ಲೆಯ ಒಂದು ಶಾಲೆಯಲ್ಲಿ ಹತ್ತನೇ ಕ್ಲಾಸು. ಹೋದ ವಾರ ಶಾಲೆ ಬಿಟ್ಟ ಮೇಲೆ ಮೈದಾನದ ಹತ್ತಿರ ಹುಡುಗರು ಹೊಡೆದಾಡಿಕೊಂಡಿದ್ದಾರೆ. ಇನ್‌ಸ್ಟಾಗ್ರಾಂನಲ್ಲಿ ಯಾರೋ ಏನೋ ಬರೆದಿದ್ದಕ್ಕೆ ಶುರುವಾಗಿದ್ದಂತೆ. ಇವನು ಗುದ್ದಿದ್ದಕ್ಕೆ ಇನ್ನೊಬ್ಬ ಹುಡುಗನ ಮುಂದಿನ ಹಲ್ಲು ಮುರಿದಿದೆ. ಇವನ ಜೊತೆ ಪಿಯುಸಿ ಓದುವ ಒಬ್ಬ ಹುಡುಗನೂ ಇದ್ದ, ಅವನಿಗೆ 18 ತುಂಬಿದೆ. ಏಟು ತಿಂದ ಹುಡುಗನ ಮನೆಯವರು ದೂರು ಕೊಟ್ಟು ಎಫ್‌ಐಆರ್ ಆಗಿದೆ. 115(2), 117(2), 352, 3(5) ಅಂತ ಕಲಂ ಹಾಕಿದ್ದಾರೆ. ನಾಳಿದ್ದು ಮಗನನ್ನು ಕರೆದುಕೊಂಡು ಬನ್ನಿ ಅಂತ ಸ್ಟೇಷನ್ನಿಂದ ಫೋನ್ ಬಂದಿದೆ. ನಮ್ಮ ಯಜಮಾನರು ಅವನಿಗೆ ಬೆಲ್ಟಿನಲ್ಲಿ ಹೊಡೆದರು. ಈಗ ಅವನ ಹತ್ತಿರ ಮಾತೇ ಆಡುತ್ತಿಲ್ಲ. ಮೈದುನ "ದೊಡ್ಡವರಿಂದ ಒಂದು ಫೋನ್ ಮಾಡಿಸಿದರೆ ಮುಗಿಯುತ್ತೆ" ಅನ್ನುತ್ತಾನೆ. ಶಾಲೆಯವರು ಟಿಸಿ ತಗೊಂಡು ಹೋಗಿ ಅನ್ನುತ್ತಿದ್ದಾರೆ. ಮಗ ಊಟ ಬಿಟ್ಟು ರೂಮಿನಲ್ಲಿ ಕೂತಿದ್ದಾನೆ. ಅವನನ್ನು ಜೈಲಿಗೆ ಹಾಕುತ್ತಾರಾ? ಮುಂದೆ ಸರ್ಕಾರಿ ಕೆಲಸ ಸಿಗಲ್ವಾ?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಪೊಲೀಸ್, ಶಾಲೆ, ಕೆಲಸ ಎಲ್ಲದರ ಚಿಂತೆ ಇದೆ. ಆದರೆ ಇವತ್ತು ರಾತ್ರಿಯೇ ನೋಡಬೇಕಾದ್ದು ಒಂದಿದೆ. ಮಗ ಊಟ ಬಿಟ್ಟು ರೂಮಿನಲ್ಲಿ ಕೂತಿದ್ದಾನೆ ಅಂದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ.

ಹದಿನೈದರ ಹುಡುಗನಿಗೆ ಎಫ್‌ಐಆರ್ ಅಂದರೆ ಬದುಕೇ ಮುಗಿಯಿತು ಅನ್ನಿಸುತ್ತದೆ. ಅಪ್ಪ ಮಾತು ಬಿಟ್ಟಿದ್ದಾರೆ, ಶಾಲೆಯವರು ಹೊರಗೆ ಹೋಗು ಅನ್ನುತ್ತಿದ್ದಾರೆ, ಗೆಳೆಯರೂ ದೂರ ಸರಿದಿರಬಹುದು. ಈ ಮೂರೂ ಒಟ್ಟಿಗೆ ಬಂದಾಗ ಮಕ್ಕಳು ದುಡುಕುತ್ತಾರೆ. ಅವನನ್ನು ಒಬ್ಬನೇ ಬಿಡಬೇಡಿ. ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬಿಡಬೇಡಿ. ಮನೆಯಲ್ಲಿ ತೋಟದ ಔಷಧಿ, ನಿದ್ದೆ ಮಾತ್ರೆ ಇದ್ದರೆ ಬೀಗ ಹಾಕಿಡಿ. ಪಕ್ಕದಲ್ಲಿ ಕೂತು "ಸಾಯಬೇಕು ಅಂತ ಏನಾದರೂ ಅನ್ನಿಸ್ತಿದೆಯಾ ಕಂದಾ" ಅಂತ ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ಹೆದರಬೇಡಿ. ಕೇಳಿದರೆ ಮಕ್ಕಳು ಹಗುರಾಗುತ್ತಾರೆ. ಹೌದು ಅಂದರೆ ಅಥವಾ ಉತ್ತರವೇ ಕೊಡದೆ ಅತ್ತರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನವಿಡೀ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರವೂ ಕರೆದುಕೊಂಡು ಹೋಗಬಹುದು. ಕೇಸಿನ ದಾರಿ ಕೆಲವು ತಿಂಗಳದ್ದು. ಇದು ಇವತ್ತಿನ ಕೆಲಸ.

ಯಜಮಾನರಿಗೆ ಈ ಉತ್ತರವನ್ನು ಓದಿ ಹೇಳಿ. ಅವರ ಕೋಪದ ಕೆಳಗೆ ಅವಮಾನವೂ ಭಯವೂ ಇದೆ ಅಂತ ನನಗೆ ಗೊತ್ತು. ಮಗ ಮಾಡಿದ್ದು ತಪ್ಪು, ಅದನ್ನು ಹೇಳುವ ಹಕ್ಕು ಅಪ್ಪನಿಗಿದೆ. ಆದರೆ ಹೊಡೆದು ಹೊಡೆದಾಟ ತಪ್ಪು ಅಂತ ಕಲಿಸಲಾಗುವುದಿಲ್ಲ. ಇನ್ನೊಂದು ಮಾತು, ಇದು ಕೇಸಿಗೂ ಸಂಬಂಧಪಟ್ಟದ್ದು. ಬೆಲ್ಟಿನ ಬಾಸುಂಡೆಯನ್ನು ನಾಳೆ ಪ್ರೊಬೇಷನ್ ಅಧಿಕಾರಿ, ಅಂದರೆ ಮಗನ ಮತ್ತು ಮನೆಯ ಬಗ್ಗೆ ವರದಿ ಕೊಡುವವರು, ನೋಡುತ್ತಾರೆ. ಮಕ್ಕಳ ಕೇಸು ವಿಚಾರಣೆ ಮಾಡುವ ಬಾಲ ನ್ಯಾಯ ಮಂಡಳಿಯವರೂ ನೋಡುತ್ತಾರೆ. ಮಗುವನ್ನು ನೋಡಿಕೊಳ್ಳಬೇಕಾದವರೇ ಅದಕ್ಕೆ ಹಿಂಸೆ ಕೊಡುವುದು ಬಾಲ ನ್ಯಾಯ ಕಾಯ್ದೆಯಲ್ಲೇ ಅಪರಾಧ. ಈಗ ಅವನ ಪಕ್ಕದಲ್ಲಿ ಸ್ಟೇಷನ್ನಿಗೆ ನಡೆದುಕೊಂಡು ಬರಬೇಕಾದವರು ಅಪ್ಪ. ಆ ಒಂದು ಕೆಲಸ ಅವರು ಮಾಡಿದರೆ ಅರ್ಧ ಭಾರ ಇಳಿಯುತ್ತದೆ.

ಇನ್ನು ಜೈಲಿನ ಮಾತು. ಇಲ್ಲ, ಜೈಲಿಗೆ ಹಾಕುವುದಿಲ್ಲ. ಹಾಕುವ ಹಾಗೂ ಇಲ್ಲ. ಘಟನೆ ನಡೆದ ದಿನ 18 ತುಂಬಿರದ ಯಾರನ್ನೂ ಪೊಲೀಸ್ ಲಾಕಪ್ಪಿನಲ್ಲಿ ಅಥವಾ ಜೈಲಿನಲ್ಲಿ ಇಡಬಾರದು ಅಂತ 2015ರ ಬಾಲ ನ್ಯಾಯ ಕಾಯ್ದೆಯ 10ನೇ ಕಲಂ ಹೇಳುತ್ತದೆ. ಪೊಲೀಸರು ವಶಕ್ಕೆ ತೆಗೆದುಕೊಂಡರೂ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಅದರಲ್ಲಿ ಸೇರುವುದಿಲ್ಲ. ಜಾಮೀನಿನ ವಿಷಯದಲ್ಲಿ 12ನೇ ಕಲಂ ಇನ್ನೂ ಉದಾರವಾಗಿದೆ. ಜಾಮೀನು ಸಿಗುವ ಅಪರಾಧವೋ ಸಿಗದ ಅಪರಾಧವೋ ಅಂತ ನೋಡದೆ ಮಗುವನ್ನು ಬಿಡಬೇಕು, ಶ್ಯೂರಿಟಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಇದೆ ಅಥವಾ ನ್ಯಾಯಕ್ಕೆ ಅಡ್ಡಿಯಾಗುತ್ತದೆ ಅನ್ನುವಂಥ ಕಾರಣ ಇದ್ದರೆ ಮಾತ್ರ ಇಲ್ಲ ಅನ್ನಬಹುದು. ಆ ಕಾರಣವನ್ನೂ ಬರೆದು ದಾಖಲಿಸಬೇಕು. ನೀವು ಬರೆದಿರುವ ಕಲಂಗಳಂತೂ ದೊಡ್ಡವರಿಗೇ ಜಾಮೀನು ಸಿಗುವಂಥವು.

ಆ ಕಲಂಗಳು ಏನು ಅಂತ ಒಮ್ಮೆ ತಿಳಿದುಕೊಳ್ಳಿ, ನಂಬರ್ ನೋಡಿ ಹೆದರುವುದು ತಪ್ಪುತ್ತದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ 115(2) ಅಂದರೆ ಸಾಮಾನ್ಯ ಗಾಯ, ದೊಡ್ಡವರಿಗೆ ಗರಿಷ್ಠ 1 ವರ್ಷ. 352 ಅಂದರೆ ಬೈದು ಕೆಣಕುವುದು. 3(5) ಅಂದರೆ ಹಲವರು ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು. ಸ್ವಲ್ಪ ಭಾರ ಇರುವುದು 117(2)ಕ್ಕೆ, ಅದು ತೀವ್ರ ಗಾಯ, ದೊಡ್ಡವರಿಗೆ 7 ವರ್ಷದವರೆಗೆ. ಒಂದು ಗುದ್ದಿಗೆ ಇಷ್ಟು ದೊಡ್ಡ ಕಲಂ ಯಾಕೆ ಅಂತ ನಿಮಗೆ ಅನ್ನಿಸಬಹುದು. ಮೂಳೆ ಅಥವಾ ಹಲ್ಲು ಮುರಿದರೆ ಅದು ತೀವ್ರ ಗಾಯ ಅಂತ ಕಾನೂನಿನಲ್ಲೇ ಬರೆದಿದೆ. ಹಾಗಾಗಿ ಈ ಕೇಸಿನಲ್ಲಿ ಆಸ್ಪತ್ರೆಯ ಗಾಯದ ಸರ್ಟಿಫಿಕೇಟ್ ಬಹಳ ಮುಖ್ಯ. ಹಲ್ಲು ಪೂರ್ತಿ ಮುರಿದಿದೆಯೋ, ಚೂರು ಹಾರಿದೆಯೋ, ಮೊದಲೇ ಅಲ್ಲಾಡುತ್ತಿತ್ತೋ ಅನ್ನುವುದೆಲ್ಲ ಅದರಿಂದಲೇ ಗೊತ್ತಾಗಬೇಕು. ನಿಮ್ಮ ವಕೀಲರು ಅದರ ಪ್ರತಿಯನ್ನು ಮೊದಲು ಕೇಳಬೇಕು. ಮಗನ ಕೈಯಲ್ಲಿ ಕಲ್ಲು, ಬ್ಯಾಟು ಅಂಥದ್ದೇನಾದರೂ ಇತ್ತಾ ಅಂತಲೂ ಅವನನ್ನು ಕೇಳಿ. ಇದ್ದರೆ 118ನೇ ಕಲಂ ಸೇರಿಸಬಹುದು. ಅದು ಇನ್ನೂ ಭಾರದ್ದು.

ನಿಮ್ಮ ಮಗನನ್ನು ದೊಡ್ಡವರಂತೆ ವಿಚಾರಣೆ ಮಾಡುತ್ತಾರಾ ಅನ್ನುವ ಭಯ ಬೇಡ. ಆ ಪ್ರಶ್ನೆ ಬರುವುದು 16 ದಾಟಿದವರು ಘೋರ ಅಪರಾಧ ಮಾಡಿದ್ದಾರೆ ಅನ್ನುವ ಆರೋಪ ಇದ್ದಾಗ ಮಾತ್ರ. ಘೋರ ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇರುವಂಥದ್ದು. ಕನಿಷ್ಠ ಶಿಕ್ಷೆ ಇಲ್ಲದ ಅಪರಾಧ ಗರಿಷ್ಠ ಎಷ್ಟೇ ಇದ್ದರೂ ಘೋರ ಅಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ. ನಿಮ್ಮ ಮಗನಿಗೆ 16 ಆಗಿಲ್ಲ, ಅಪರಾಧವೂ ಆ ಬಗೆಯದ್ದಲ್ಲ.

ನಾಳಿದ್ದು ಸ್ಟೇಷನ್ನಿಗೆ ಹೋಗಿ. ತಪ್ಪಿಸಿಕೊಳ್ಳಬೇಡಿ, ಅಜ್ಜಿ ಮನೆಗೆ ಕಳಿಸಬೇಡಿ. ಆದರೆ ಮಗನನ್ನು ಒಬ್ಬನೇ ಕಳಿಸಬೇಡಿ, ವಕೀಲರಿಲ್ಲದೆಯೂ ಹೋಗಬೇಡಿ. ವಕೀಲರಿಗೆ ದುಡ್ಡು ಎಲ್ಲಿಂದ ಅನ್ನಬೇಡಿ. ಮಕ್ಕಳಿಗೆ ಮತ್ತು ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕಾಗಿಯೇ ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಂದು ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ. ಬಾಲ ನ್ಯಾಯ ಮಂಡಳಿಯಲ್ಲಿ ಕೆಲಸ ಮಾಡಿ ಅಭ್ಯಾಸ ಇರುವ ವಕೀಲರೇ ಬೇಕು ಅಂತ ಕೇಳಿ. ಸಿವಿಲ್ ಕೇಸು ನಡೆಸುವ ಪರಿಚಯದವರಿಗಿಂತ ಇವರು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಸ್ಟೇಷನ್ನಿನಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಅಂತ ಕೇಳಿ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಇರಲೇಬೇಕು. ಮಗನ ಜೊತೆ ಮಾತಾಡಬೇಕಾದವರು ಅವರು. ಬಾಲ ನ್ಯಾಯ ಕಾಯ್ದೆಗೆ 2016ರಲ್ಲಿ ಮಾಡಿದ ಮಾದರಿ ನಿಯಮಗಳಲ್ಲಿ ಎಲ್ಲ ಬಿಡಿಸಿ ಬರೆದಿದ್ದಾರೆ. ಕೈಕೋಳ ಹಾಕಬಾರದು. ಬಲವಂತ ಮಾಡಬಾರದು. ತಪ್ಪೊಪ್ಪಿಕೊ ಅಂತ ಒತ್ತಾಯಿಸಬಾರದು. ಮಾತಾಡಿಸುವಾಗ ಅಪ್ಪ ಅಮ್ಮ ಜೊತೆಯಲ್ಲಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಬಾರದು. "ಸುಮ್ನೆ ಒಂದು ಸೈನ್, ಫಾರ್ಮಾಲಿಟಿ" ಅಂತ ಯಾರೇ ಹೇಳಿದರೂ ಗೌರವದಿಂದಲೇ "ಸಾರ್, ನಿಯಮದಲ್ಲಿ ಇಲ್ವಲ್ಲ, ನಮ್ಮ ವಕೀಲರು ನೋಡಲಿ" ಅನ್ನಿ. ನಿಮ್ಮಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಮಗನನ್ನು ಮಂಡಳಿಗೆ ಕರೆತರುತ್ತೇವೆ, ನೋಡಿಕೊಳ್ಳುತ್ತೇವೆ ಅಂತ. ಅದು ಸರಿಯಾದದ್ದೇ. ಓದಿ ಸಹಿ ಮಾಡಿ. ಅದರೊಳಗೆ "ನಮ್ಮ ಮಗ ತಪ್ಪು ಮಾಡಿದ್ದಾನೆ" ಅಂತ ಒಂದು ಸಾಲು ಸೇರಿದ್ದರೆ ತೆಗೆಸಿ. ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ.

ಜನನ ಪ್ರಮಾಣ ಪತ್ರ ಮತ್ತು ಶಾಲೆಯ ದಾಖಲೆ ತೆಗೆದುಕೊಂಡು ಹೋಗಿ. ವಯಸ್ಸಿಗೆ ಕಾನೂನು ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣ ಪತ್ರವನ್ನು, ಆಮೇಲೆ ಪಂಚಾಯ್ತಿ ಅಥವಾ ಪುರಸಭೆಯದ್ದನ್ನು. ಆಧಾರ್ ಒಂದೇ ಸಾಲದು. ಎರಡು ಕಡೆ ತಾರೀಕು ಬೇರೆ ಬೇರೆ ಇದ್ದರೆ ಇವತ್ತೇ ವಕೀಲರಿಗೆ ಹೇಳಿ.

ಸಾಮಾನ್ಯವಾಗಿ ಮಕ್ಕಳ ಮೇಲೆ ಎಫ್‌ಐಆರ್ ಆಗಬಾರದು, ಠಾಣೆಯ ಡೈರಿಯಲ್ಲಿ ಬರೆದು ಮಂಡಳಿಗೆ ಕಳಿಸಬೇಕು ಅಂತ ಅದೇ ನಿಯಮಗಳಲ್ಲಿದೆ. ಘೋರ ಅಪರಾಧವಾದರೆ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಮಾತ್ರ ಎಫ್‌ಐಆರ್. ನಿಮ್ಮ ವಿಷಯದಲ್ಲಿ ಆ ಪಿಯುಸಿ ಹುಡುಗ 18 ದಾಟಿರುವುದರಿಂದ ಪೊಲೀಸರಿಗೆ ಆ ಕಾರಣ ಸಿಕ್ಕಿದೆ. ಇದರಿಂದ ಒಂದು ಎಚ್ಚರಿಕೆ ಹುಟ್ಟುತ್ತದೆ. ಅವನ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ, ನಿಮ್ಮ ಮಗನದ್ದು ಮಂಡಳಿಗೆ. ಇಬ್ಬರನ್ನೂ ಒಟ್ಟಿಗೆ ವಿಚಾರಣೆ ಮಾಡುವ ಹಾಗಿಲ್ಲ. ಆ ಪಿಯುಸಿ ಹುಡುಗನ ಮನೆಯವರು ಬಂದು "ಒಬ್ಬರೇ ಲಾಯರ್ ಇಟ್ಟುಕೊಳ್ಳೋಣ, ಖರ್ಚು ಹಂಚಿಕೊಳ್ಳೋಣ" ಅನ್ನಬಹುದು. ಒಪ್ಪಬೇಡಿ. ನಾಳೆ ಆ ಹುಡುಗನ ಪರವಾಗಿ "ಗುದ್ದಿದ್ದು ಚಿಕ್ಕವನು" ಅನ್ನುವುದೇ ಸುಲಭದ ದಾರಿ ಆಗಬಹುದು. "ಅವನು ಮೈನರ್, ಅವನಿಗೇನಾಗಲ್ಲ, ಎಲ್ಲ ತನ್ನ ಮೇಲೆ ಹಾಕಿಕೊಳ್ಳಲಿ" ಅನ್ನುವ ಮಾತು ಇಂಥ ಕೇಸುಗಳಲ್ಲಿ ಬಂದೇ ಬರುತ್ತದೆ. ಗೆಳೆತನದ ಹೆಸರಿನಲ್ಲಿ ಹುಡುಗರು ಅದಕ್ಕೆ ಒಪ್ಪಿಯೂ ಬಿಡುತ್ತಾರೆ. ಮಗನಿಗೆ ಮೊದಲೇ ಹೇಳಿ: ಮಾಡಿದ್ದನ್ನು ಮಾಡಿದೆ ಅನ್ನು, ಮಾಡದ್ದನ್ನು ಯಾರಿಗಾಗಿಯೂ ಹೊತ್ತುಕೊಳ್ಳಬೇಡ.

ಮಂಡಳಿ ಹೇಗಿರುತ್ತದೆ ಅಂತ ಮಗನಿಗೆ ಮೊದಲೇ ವಿವರಿಸಿ. ಕಟಕಟೆ ಇರಬಾರದು, ಎತ್ತರದ ಪೀಠ ಇರಬಾರದು, ಕೋರ್ಟಿನ ಹಾಗೆ ಕಾಣಬಾರದು ಅಂತ ನಿಯಮವೇ ಇದೆ. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಸೇರಿ ಕೂರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು. ಸಾಮಾನ್ಯವಾಗಿ ವೀಕ್ಷಣಾಲಯದ (ವಿಚಾರಣೆ ಮುಗಿಯುವವರೆಗೆ ಇಂಥ ಮಕ್ಕಳನ್ನು ಇಡುವ ಮನೆ) ಆವರಣದಲ್ಲೋ ಹತ್ತಿರದಲ್ಲೋ ನಡೆಯುತ್ತದೆ. ಮೊದಲ ಬಾರಿ ಹಾಜರಾದ ದಿನದಿಂದ 4 ತಿಂಗಳಲ್ಲಿ ವಿಚಾರಣೆ ಮುಗಿಯಬೇಕು, ಬೇಕಾದರೆ ಇನ್ನೆರಡು ತಿಂಗಳು ಮುಂದುವರಿಸಬಹುದು. ಕೆಲವು ಕಡೆ ಇದಕ್ಕಿಂತ ಎಳೆಯುತ್ತದೆ, ಅದು ನಿಜ. ಬೇಗ ಮುಗಿಯಲಿ ಅಂತ ಯಾರಾದರೂ "ಒಪ್ಪಿಕೊಂಡುಬಿಡಿ, ಬುದ್ಧಿವಾದ ಹೇಳಿ ಬಿಡ್ತಾರೆ" ಅಂದರೆ ವಕೀಲರ ಜೊತೆ ಕೂತು ಯೋಚಿಸದೆ ಹೂಂ ಅನ್ನಬೇಡಿ. ಸಾಕ್ಷ್ಯ ಏನಿದೆ, ಮಗ ನಿಜಕ್ಕೂ ಏನು ಮಾಡಿದ ಅನ್ನುವುದನ್ನು ನೋಡಿಯೇ ಅದನ್ನು ನಿರ್ಧರಿಸಬೇಕು.

ನಾನು ಹೇಳಬೇಕು ಅಂದುಕೊಂಡ ಮುಖ್ಯ ವಿಷಯ ಇಲ್ಲಿದೆ. ದೊಡ್ಡವರ ಕೋರ್ಟು ಏಟು ಯಾರು ಹೊಡೆದರು ಅಂತ ಮುಖ್ಯವಾಗಿ ನೋಡುತ್ತದೆ. ಈ ಮಂಡಳಿ ಅದರ ಜೊತೆಗೆ ನಿಮ್ಮ ಮನೆಯನ್ನೂ ನೋಡುತ್ತದೆ. ಪ್ರೊಬೇಷನ್ ಅಧಿಕಾರಿ ಎರಡು ವಾರದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅದಕ್ಕಾಗಿ ನಿಮ್ಮ ಮನೆಗೆ ಬರುತ್ತಾರೆ, ಶಾಲೆಯವರನ್ನು, ಅಕ್ಕಪಕ್ಕದವರನ್ನು ಮಾತಾಡಿಸುತ್ತಾರೆ. ಮಗನ ಗೆಳೆಯರು ಯಾರು, ಸಂಜೆ ಎಲ್ಲಿರುತ್ತಾನೆ, ಮನೆಯಲ್ಲಿ ಕುಡಿತ ಇದೆಯಾ, ಹೊಡೆಯುತ್ತಾರಾ, ಓದಿನಲ್ಲಿ ಹೇಗೆ, ಮೊದಲು ಇಂಥದ್ದು ಆಗಿತ್ತಾ ಅಂತ ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಇವರನ್ನು ಪೊಲೀಸ್ ಅಂದುಕೊಂಡು ಬಾಗಿಲಲ್ಲೇ ನಿಲ್ಲಿಸಿ "ನಮ್ಮ ಹುಡುಗ ಚಿನ್ನ ಸಾರ್" ಅಂದು ಕಳಿಸುತ್ತಾರೆ. ಹಾಗೆ ಮಾಡಬೇಡಿ. ಒಳಗೆ ಕೂರಿಸಿ. ಇದ್ದದ್ದು ಇದ್ದಂತೆ ಹೇಳಿ, ಬೆಲ್ಟಿನ ವಿಷಯವನ್ನೂ ಸೇರಿಸಿ. ಅದರ ಜೊತೆ "ಇದಾದ ಮೇಲೆ ನಾವು ಹೀಗೆ ಮಾಡಿದೆವು" ಅನ್ನಲು ನಿಮ್ಮ ಹತ್ತಿರ ಏನಾದರೂ ಇರಬೇಕು. ಕೌನ್ಸೆಲರ್ ಹತ್ತಿರ ಹೋದ ಚೀಟಿ, ಅಪ್ಪ ಸಂಜೆ ಬೇಗ ಮನೆಗೆ ಬರುವುದು, ಆ ಗುಂಪಿನ ಸಹವಾಸ ಬಿಡಿಸಿದ್ದು, ಓದಿಗೆ ಮತ್ತೆ ಕೂತದ್ದು. ಇವು ತೋರಿಕೆಗೆ ಮಾಡುವ ಕೆಲಸಗಳಲ್ಲ, ನಿಜವಾಗಿ ಆಗಬೇಕು. ನಿಜವಾಗಿ ಆಗಿದ್ದರೆ ವರದಿಯಲ್ಲಿ ತಾನೇ ಕಾಣುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ತಪ್ಪು ಸಾಬೀತಾದರೂ ಮಂಡಳಿಯ ಮುಂದೆ ಹಲವು ದಾರಿಗಳಿವೆ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಅಪ್ಪ ಅಮ್ಮನಿಗೂ ಕೌನ್ಸೆಲಿಂಗ್ ಹೇಳಬಹುದು. ಸಮುದಾಯ ಸೇವೆ ಮಾಡಿಸಬಹುದು. ದಂಡ ಕಟ್ಟಿಸಬಹುದು. ಒಳ್ಳೆಯ ನಡತೆಯ ಷರತ್ತಿನ ಮೇಲೆ 3 ವರ್ಷದವರೆಗೆ ನಿಮ್ಮದೇ ಸುಪರ್ದಿಗೆ ಬಿಡಬಹುದು. ತಪ್ಪು ಸಾಬೀತಾದ ಮಕ್ಕಳನ್ನು ಇಟ್ಟು ತಿದ್ದುವ ವಿಶೇಷ ಗೃಹಕ್ಕೆ ಕಳಿಸುವುದು ಕೊನೆಯ ದಾರಿ, ಅದೂ 3 ವರ್ಷ ಮೀರುವಂತಿಲ್ಲ. ಇವುಗಳಲ್ಲಿ ಯಾವುದು ಅಂತ ಆರಿಸುವಾಗ ಅವರು ಆ ವರದಿಯನ್ನು ನೋಡುತ್ತಾರೆ. ಅಂದರೆ ಮುಂದಿನ ಕೆಲವು ತಿಂಗಳು ನಿಮ್ಮ ಮನೆ ಹೇಗೆ ನಡೆಯುತ್ತದೆ ಅನ್ನುವುದೂ ಕೇಸಿನ ಒಂದು ಭಾಗ.

ನಿಮ್ಮ ಮೈದುನ ಹೇಳಿದ ಫೋನ್ ಬೇಡ. ಪ್ರಭಾವದಿಂದ ಮುಚ್ಚಿಹಾಕಿದರೆ ಆ ಕಡೆಯವರು ಸುಮ್ಮನೆ ಕೂರುವುದಿಲ್ಲ, ನೇರ ಎಸ್‌ಪಿ ಹತ್ತಿರ ಹೋಗಬಹುದು. ಬೆದರಿಸಿದರು ಅಂತ ಇನ್ನೊಂದು ದೂರೂ ಬರಬಹುದು. ಅದಕ್ಕಿಂತ ದೊಡ್ಡ ನಷ್ಟ ಮಗನ ತಲೆಯೊಳಗೆ ಆಗುತ್ತದೆ. ದೊಡ್ಡವರ ಪರಿಚಯ ಇದ್ದರೆ ಗುದ್ದಬಹುದು ಅಂತ ಅವನು ಕಲಿಯುತ್ತಾನೆ.

ರಾಜಿ ಬೇರೆ ಮಾತು. ಅದಕ್ಕೆ ಕಾನೂನಿನಲ್ಲೇ ದಾರಿ ಇದೆ. 115(2)ರಲ್ಲಿ ಏಟು ತಿಂದವರು ರಾಜಿಯಾಗಬಹುದು. 117(2)ರಲ್ಲಿ ಕೋರ್ಟಿನ ಅನುಮತಿ ಪಡೆದು ಆಗಬಹುದು. ಏಟು ತಿಂದವನು ಮೈನರ್ ಆದ್ದರಿಂದ ಅವನ ಪರವಾಗಿ ತಂದೆ ತಾಯಿ ಅನುಮತಿ ತೆಗೆದುಕೊಂಡು ಒಪ್ಪಬೇಕು. ಆದರೆ ದುಡ್ಡಿನ ಕಂತೆ ಹಿಡಿದು ನೀವೇ ಅವರ ಮನೆ ಬಾಗಿಲಿಗೆ ಹೋಗಬೇಡಿ. ಸಾಕ್ಷಿಯ ಮೇಲೆ ಒತ್ತಡ ಹಾಕಿದಂತೆ ಅದು ಕಾಣುತ್ತದೆ. ವಕೀಲರ ಮೂಲಕ, ಇಲ್ಲವೇ ಎರಡೂ ಕಡೆಯವರು ಗೌರವಿಸುವ ಒಬ್ಬ ಮೇಷ್ಟ್ರ ಮೂಲಕ ಮಾತು ಶುರುವಾಗಲಿ. ಹಲ್ಲಿನ ಚಿಕಿತ್ಸೆಯ ಖರ್ಚು ಕೊಡುತ್ತೇವೆ ಅನ್ನುವುದು ಮೊದಲ ಮಾತಾಗಲಿ. ಮುಂದಿನ ಹಲ್ಲು ಹೋದ ಹುಡುಗನೂ ಹದಿಹರೆಯದವನೇ. ಅವನಿಗೆ ಕನ್ನಡಿ ನೋಡಲು ನಾಚಿಕೆ, ಕ್ಲಾಸಿಗೆ ಹೋಗಲು ನಾಚಿಕೆ. ಅವನ ಅಮ್ಮನೂ ನಿಮ್ಮ ಹಾಗೆ ನಿದ್ದೆ ಬಿಟ್ಟಿರುತ್ತಾರೆ. ಮಗ ಕ್ಷಮೆ ಕೇಳಬೇಕು ಅಂತ ನಿಮಗೆ ಅನ್ನಿಸುವುದು ಸರಿ. ಆದರೆ ಈಗ ಬರೆದುಕೊಟ್ಟ ಕ್ಷಮಾಪಣೆ ಪತ್ರ ಅಥವಾ ವಾಟ್ಸಾಪ್ ಸಂದೇಶ ನಾಳೆ ತಪ್ಪೊಪ್ಪಿಗೆ ಆಗಿ ಎದುರು ಬರಬಹುದು. ಯಾವಾಗ, ಯಾರ ಮುಂದೆ, ಹೇಗೆ ಅಂತ ವಕೀಲರನ್ನು ಕೇಳಿ. ಬಾಯಿಮಾತಿನಲ್ಲಿ, ಎದುರು ನಿಂತು ಕೇಳುವ ದಿನ ಬರಲಿ.

ಮಗನ ಜೊತೆ ಒಂದು ಕಷ್ಟದ ಪ್ರಶ್ನೆಯನ್ನೂ ಮಾತಾಡಬೇಕು. ಜಗಳದಲ್ಲಿ ಜಾತಿ ಹಿಡಿದು ಏನಾದರೂ ಅಂದನಾ? ಇನ್‌ಸ್ಟಾಗ್ರಾಂನಲ್ಲಿ ಬರೆದನಾ? ಆ ಹುಡುಗ ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿದ್ದು ಅಂಥ ಮಾತು ಬಂದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಕಲಂಗಳೂ ಸೇರಬಹುದು. ಆಗಲೂ ಮಗನ ವಿಚಾರಣೆ ಬಾಲ ನ್ಯಾಯ ಮಂಡಳಿಯಲ್ಲೇ. ಆದರೆ ಅಂದಿದ್ದರೆ ವಕೀಲರಿಂದ ಮುಚ್ಚಿಡಬೇಡಿ. ಅದಕ್ಕೂ ಮೊದಲು ಮನೆಯಲ್ಲಿ ಅದನ್ನು ಸಣ್ಣ ವಿಷಯ ಮಾಡಬೇಡಿ. ಗುದ್ದಿದ ಗಾಯಕ್ಕಿಂತ ಆ ಮಾತಿನ ಗಾಯ ಆಳವಾಗಿರುತ್ತದೆ. ಮಗನಿಗೆ ಅದು ಅರ್ಥವಾಗಬೇಕಾದ್ದು ಕೇಸಿಗಾಗಿ ಅಲ್ಲ.

ಅವನಿಂದ ಕಥೆ ಕೇಳುವಾಗ ಅಡ್ಡ ಮಾತಾಡಬೇಡಿ. "ನೀನು ಹೀಗೆ ಹೇಳು" ಅಂತ ಪಾಠ ಮಾಡಬೇಡಿ. ಯಾರು ಮೊದಲು ಬಂದರು, ಯಾರು ಏನಂದರು, ಎಷ್ಟು ಜನ ನೋಡಿದರು, ಅವನಿಗೂ ಏಟು ಬಿತ್ತಾ ಅಂತ ಅವನ ಮಾತಲ್ಲೇ ಬರಲಿ. ಅದನ್ನು ಹೇಳಬೇಕಾದ್ದು ವಕೀಲರಿಗೆ, ನೆಂಟರ ಗ್ರೂಪಿಗಲ್ಲ. ಅವನ ಮೈಯಲ್ಲೂ ಜಗಳದ ಗಾಯ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲೆ ಮಾಡಿಸಿ. ಬೆಲ್ಟಿನ ಗುರುತನ್ನು ಜಗಳದ ಗಾಯ ಅಂತ ಮಾತ್ರ ಹೇಳಿಸಬೇಡಿ. ಆ ಒಂದು ಸುಳ್ಳು ಉಳಿದ ಎಲ್ಲ ನಿಜವನ್ನೂ ಹಾಳು ಮಾಡುತ್ತದೆ.

ಇನ್‌ಸ್ಟಾಗ್ರಾಂ ಮತ್ತು ವಾಟ್ಸಾಪ್ ಸಂದೇಶ ಅಳಿಸಬೇಡಿ. ಅವು ಮಗನ ವಿರುದ್ಧ ಇವೆ ಅನ್ನಿಸಿದರೂ ಬೇಡ. ಸಾಕ್ಷ್ಯ ನಾಶ ಬೇರೆಯೇ ಅಪರಾಧ. ಎಷ್ಟೋ ಸಲ ಅದರಲ್ಲೇ ಕೆಣಕಿದವರು ಯಾರು ಅಂತ ಗೊತ್ತಾಗುತ್ತದೆ. ಪೊಲೀಸರು ಫೋನ್ ತೆಗೆದುಕೊಂಡರೆ ಮಹಜರಿನ ಪ್ರತಿ ಕೇಳಿ. ಶಾಲೆಯ ಸಿಸಿಟಿವಿ ದೃಶ್ಯ ಕೆಲವು ದಿನಗಳಲ್ಲಿ ತಾನೇ ಅಳಿದುಹೋಗುತ್ತದೆ. ಅದನ್ನು ಉಳಿಸಿಡಿ ಅಂತ ಮುಖ್ಯ ಶಿಕ್ಷಕರಿಗೆ ಇವತ್ತೇ ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಜಗಳದ ವಿಡಿಯೋ ಹುಡುಗರ ಫೋನುಗಳಲ್ಲಿ ಓಡಾಡುತ್ತಿರಬಹುದು. ನೀವು ಯಾರಿಗೂ ಕಳಿಸಬೇಡಿ. ಕೇಸಿನಲ್ಲಿರುವ ಮಗುವಿನ, ಏಟು ತಿಂದ ಮಗುವಿನ ಹೆಸರು, ಫೋಟೋ, ಶಾಲೆಯ ಹೆಸರು ಬಹಿರಂಗ ಮಾಡುವುದು ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಯಾವುದಾದರೂ ಲೋಕಲ್ ಚಾನೆಲ್ ಅಥವಾ ಪೇಜಿನಲ್ಲಿ ಮಗನ ಫೋಟೋ ಬಂದರೆ ಇದೇ ಕಲಂ ಹೇಳಿ ತೆಗೆಸಿ.

ಟಿಸಿ ವಿಷಯದಲ್ಲಿ ಆತುರ ಬೇಡ. ಬಾಯಿಮಾತಿಗೆ ಹೆದರಿ ಟಿಸಿಗೆ ಅರ್ಜಿ ಬರೆದುಕೊಟ್ಟರೆ ನೀವೇ ಇಷ್ಟಪಟ್ಟು ಬಿಡಿಸಿಕೊಂಡಂತೆ ದಾಖಲಾಗುತ್ತದೆ. "ಏನು ಕ್ರಮ ಅಂತ ಬರೆದುಕೊಡಿ ಸಾರ್, ಕಾರಣವನ್ನೂ ಬರೆಯಿರಿ" ಅನ್ನಿ. ಎಂಟನೇ ಕ್ಲಾಸಿನವರೆಗೆ ಮಗುವನ್ನು ಶಾಲೆಯಿಂದ ತೆಗೆಯುವ ಹಾಗಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹತ್ತನೆಯವನಿಗೆ ಆ ರಕ್ಷಣೆ ಇಲ್ಲ. ಹಾಗಂತ ಕೇಸು ಇನ್ನೂ ಸಾಬೀತಾಗದೆ ಇರುವಾಗ, ಅವನ ಮಾತನ್ನೂ ಕೇಳದೆ, ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಹೊರಗೆ ಹಾಕುವುದು ನ್ಯಾಯವಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗೆ, ಆಮೇಲೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಅವರಿಗೆ ದೂರು ಕೊಡಿ. ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಮಂಡಳಿಯ ಗಮನಕ್ಕೂ ವಕೀಲರು ತರಲಿ. ಶಾಲೆಯವರಿಗೂ ಒಂದು ಸಮಾಧಾನ ಬೇಕಿರುತ್ತದೆ, ಅದನ್ನು ಅರ್ಥ ಮಾಡಿಕೊಳ್ಳಿ. ಇಬ್ಬರು ಹುಡುಗರನ್ನು ಬೇರೆ ಸೆಕ್ಷನ್ನಿಗೆ ಹಾಕುವುದು, ಕೆಲವು ದಿನ ನೀವೇ ಕರೆತಂದು ಕರೆದೊಯ್ಯುವುದು, ಶಾಲೆಯ ಕೌನ್ಸೆಲರ್ ಜೊತೆ ಕೂರಿಸುವುದು, ಇಂಥದ್ದನ್ನು ನೀವೇ ಮುಂದಿಡಿ. ಜಗಳವಾಡುತ್ತಾ ಹೋದರೆ ಶಾಲೆ ನಿಮ್ಮ ಎದುರು ಪಕ್ಷವಾಗುತ್ತದೆ. ಆ ಪ್ರೊಬೇಷನ್ ವರದಿಗೆ ಮಾತಾಡುವವರಲ್ಲಿ ಅವರ ಮೇಷ್ಟ್ರುಗಳೂ ಇರುತ್ತಾರೆ.

ಹಾಜರಾತಿ ನೋಡಿಕೊಳ್ಳಿ, ಪರೀಕ್ಷೆಗೆ ಕೂರಲು ಶೇಕಡ 75 ಬೇಕು. ಮಂಡಳಿಯ ತಾರೀಕು ಪರೀಕ್ಷೆಯ ದಿನಕ್ಕೆ ಬಿದ್ದರೆ ಬದಲಿಸಿ ಅಂತ ಮೊದಲೇ ಅರ್ಜಿ ಹಾಕಿ. ಎಸ್‌ಎಸ್‌ಎಲ್‌ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದು ಕೈಕೊಟ್ಟರೂ ವರ್ಷ ಹೋಗುವುದಿಲ್ಲ ಅಂತ ಮಗನಿಗೆ ತಿಳಿಯಲಿ.

ಕೊನೆಗೆ ಸರ್ಕಾರಿ ಕೆಲಸದ ಪ್ರಶ್ನೆ. ಬಾಲ ನ್ಯಾಯ ಕಾಯ್ದೆಯ 24ನೇ ಕಲಂ ಓದಿದರೆ ನಿಮಗೆ ಧೈರ್ಯ ಬರುತ್ತದೆ. ಈ ಕಾಯ್ದೆಯಡಿ ವಿಚಾರಣೆಯಾದ ಮಗುವಿಗೆ, ತಪ್ಪು ಸಾಬೀತಾಗಿದ್ದರೂ, ಶಿಕ್ಷೆಯಾದವರಿಗೆ ಬರುವಂಥ ಯಾವ ಅನರ್ಹತೆಯೂ ಅಂಟುವುದಿಲ್ಲ. ಮೇಲ್ಮನವಿಯ ಅವಧಿ ಅಥವಾ 7 ವರ್ಷ ಕಳೆದ ಮೇಲೆ ದಾಖಲೆಗಳನ್ನು ನಾಶ ಮಾಡಬೇಕು. ಕೇಸು ಮುಗಿದ ಮೇಲೆ ನಡತೆ ಪ್ರಮಾಣ ಪತ್ರಕ್ಕಾಗಿ ಪೊಲೀಸರು ಆ ದಾಖಲೆಯನ್ನು ಹೊರಗೆ ಹಾಕುವ ಹಾಗಿಲ್ಲ. ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಕೆಲಸಕ್ಕೆ ಆಯ್ಕೆಯಾದ ಒಬ್ಬರಿಗೆ ಬಾಲ್ಯದ ಕೇಸು ಅಡ್ಡ ಬಂದಾಗ, ಅದನ್ನು ಹಿಡಿದು ಕೆಲಸ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆದರೂ ವೆರಿಫಿಕೇಷನ್ ಮಾಡುವ ಕೆಲವರಿಗೆ ಈ ನಿಯಮ ಗೊತ್ತಿರುವುದಿಲ್ಲ. ಆದ್ದರಿಂದ ಕೇಸು ಮುಗಿದ ದಿನ ಮಂಡಳಿಯ ಆದೇಶದ ದೃಢೀಕೃತ ಪ್ರತಿಯನ್ನು ಕೇಳಿ ಪಡೆಯಿರಿ. ದಾಖಲೆ ನಾಶಕ್ಕೆ ನಿರ್ದೇಶನ ಅದರಲ್ಲಿ ಇದೆಯಾ ಅಂತ ವಕೀಲರಿಂದ ಓದಿಸಿ ನೋಡಿ, ಇಲ್ಲದಿದ್ದರೆ ಅರ್ಜಿ ಹಾಕಿಸಿ. ಆ ಪ್ರತಿ ಮಗನ ಮಾರ್ಕ್ಸ್ ಕಾರ್ಡ್ ಫೈಲಿನಲ್ಲಿರಲಿ. ಮುಂದೆ ಯಾವುದಾದರೂ ಅರ್ಜಿಯಲ್ಲಿ "ನಿಮ್ಮ ಮೇಲೆ ಕೇಸು ಇತ್ತೇ" ಅನ್ನುವ ಪ್ರಶ್ನೆ ಬಂದಾಗ ಅವನು ಅದನ್ನು ಹಿಡಿದು ಒಬ್ಬ ವಕೀಲರ ಹತ್ತಿರ ಹೋಗಿ ಕೇಳಿಯೇ ಉತ್ತರ ತುಂಬಲಿ.